ಗಾಳಿಪಟ ಹಾರಿಸಿ ಫಾಲ್ಟ್ ಅಳೆದೆ: ಕರಿಜೊ ಬಯಲಿನ ನನ್ನ ಅನುಭವ

ಕ್ಯಾಲಿಫೋರ್ನಿಯಾದ ಕರಿಜೊ ಬಯಲಲ್ಲಿ ಸ್ಯಾನ್ ಆಂಡ್ರಿಯಾಸ್ ಫಾಲ್ಟ್ ಹಾದುಹೋಗುತ್ತದೆ. ಫಾಲ್ಟ್ ಅಂದರೆ ಎರಡು ಕಡೆಯ ನೆಲ ಒಂದರ ಪಕ್ಕ ಒಂದು ಜರುಗುವ ಬಿರುಕು; ಅದನ್ನು ದಾಟುವ ಹಳ್ಳ, ಕೊರಕಲುಗಳೂ ತುಂಡಾಗಿ ಪಕ್ಕಕ್ಕೆ ಸರಿದಿರುತ್ತವೆ. ಎಷ್ಟು ಸರಿದಿವೆ ಅಂತ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಅಳೆಯಲು ಹೊರಟೆ. ‘ಪಟ ಓಲಾಡುತ್ತೆ, ಅಳತೆಗೆಲ್ಲ ಆಗಲ್ಲ ಬಿಡಪ್ಪ’ ಅಂತ ಹೇಳಿದವರೇ ಜಾಸ್ತಿ. ಗ್ರಾಂಟಂತೂ ಸಿಗಲಿಲ್ಲ. ಪಟ, ದಾರ, ಹಳೇ ಕ್ಯಾಮೆರಾ, ಜಿಪಿಎಸ್ ಬಾಡಿಗೆ ಎಲ್ಲಾ ಸೇರಿ ಕೈಯಿಂದ ಸುಮಾರು 800 ಡಾಲರ್ ಹೋಯಿತು. ವಿಮಾನದಿಂದ ಲೈಡಾರ್ (ಲೇಸರ್ ಕಿರಣ ಬಿಟ್ಟು ನೆಲದ ಏರಿಳಿತ ಅಳೆಯುವುದು) ಮಾಡಿಸೋಣ ಅಂದರೆ ಖರ್ಚು ಐದಂಕಿ.

ಈ ಫಾಲ್ಟ್ ಗುಂಟ 2005ರಲ್ಲಿ ಮಾಡಿದ ಲೈಡಾರ್ ಮಾಹಿತಿ ಪುಕ್ಕಟೆ ಸಿಗುತ್ತದೆ ನಿಜ. ದೊಡ್ಡ ಹಳ್ಳಗಳಿಗೆ ಅದು ಸಾಕು. ನನಗೆ ಬೇಕಿದ್ದದ್ದು ಮೀಟರ್ ಅಗಲದ ಕೊರಕಲುಗಳು. ಅದರ ಅರ್ಧ ಮೀಟರ್ ಚೌಕಗಳ ಗ್ರಿಡ್‌ನಲ್ಲಿ ಅವುಗಳ ಅಂಚು ಕಲಸಿಹೋಗುತ್ತದೆ.

ಮೊದಲು ಉದ್ದನೆಯ ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡು ನಡೆದೆ. ಎಲ್ಲ ಫೋಟೊನೂ ನೇರ ಕೆಳಕ್ಕೆ. ಆ ಫೋಟೊಗಳನ್ನು ಕೂಡಿಸಿ ಕಂಪ್ಯೂಟರಿನಲ್ಲಿ ಕಟ್ಟಿದ ನೆಲದ 3D ಮಾಡೆಲ್ ನಡುವೆ ಗುಮ್ಮಟದ ಹಾಗೆ ಉಬ್ಬಿತು, ನೂರು ಮೀಟರ್‌ಗೆ ಒಂದು ಗೇಣಿನಷ್ಟು. ಪಟ ಹಾರಿಸಿದ ಮೇಲೆ ಉಬ್ಬು ಮಾಯ! ಓಲಾಡುವ ಕ್ಯಾಮೆರಾ ಒಮ್ಮೆ ಆಚೆ, ಒಮ್ಮೆ ಈಚೆ ವಾಲಿಕೊಂಡು ಓರೆ ಫೋಟೊ ತೆಗೆದಿತ್ತು. ಯಾವುದನ್ನು ದೋಷ ಅಂದಿದ್ದರೋ ಅದೇ ಕೆಲಸ ಮಾಡಿತು. ಹಾಗಂತ ಪೂರ್ತಿ ಓಲಾಡಲು ಬಿಟ್ಟರೆ ಫೋಟೊ ಮಸುಕಾಗುತ್ತದೆ. ಬಾಲಂಗೋಚಿ ಎಷ್ಟುದ್ದ, ಕ್ಯಾಮೆರಾವನ್ನು ಪಟದಿಂದ ಎಷ್ಟು ಕೆಳಗೆ ಕಟ್ಟಬೇಕು ಅನ್ನೋದನ್ನ ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಜಿಪಿಎಸ್ಸಿನಲ್ಲಿ ಜಾಗ ಅಳೆದು ನೆಲದ ಮೇಲೆ ಗುರುತಿಗೆ ಇಟ್ಟ ಪೇಪರ್ ಪ್ಲೇಟುಗಳು ಪಟಕ್ಕಿಂತ ಮೊದಲೇ ಹಾರಿಹೋದವು. ಆಮೇಲೆ ಒಡೆದ ಫ್ಲೋರ್ ಟೈಲ್ಸ್ ತಂದು ಕಪ್ಪು ಬಣ್ಣ ಬಳಿದು ಹಾಕಿದೆ. ವಸಂತದಲ್ಲಂತೂ ಹೋಗಲೇಬೇಡಿ. ಹೂವು ನೋಡುವವರ ಸಂತೆ ಬೇರೆ, ಹುಲ್ಲು ಬೆಳೆದು ಕೊರಕಲು ಮುಚ್ಚಿರುತ್ತದೆ. ಮಳೆ ಬಂದರೆ ಮಣ್ಣುರಸ್ತೆಯಲ್ಲಿ ಕಾರು ಅಲ್ಲಾಡಲ್ಲ.

ಪರೀಕ್ಷೆಗೆ ಮೊದಲು ವಾಲೇಸ್ ಕ್ರೀಕ್ ಅನ್ನೋ ತೊರೆಯನ್ನೇ ಹಿಡಿದೆ, ಉತ್ತರ ಮೊದಲೇ ಗೊತ್ತಲ್ವಾ? ಟೆಂಬ್ಲರ್ ಬೆಟ್ಟದಿಂದ ಇಳಿದ ತೊರೆ ಸ್ಯಾನ್ ಆಂಡ್ರಿಯಾಸ್ ಸಿಕ್ಕಿದ ಕೂಡಲೇ ಬಲಕ್ಕೆ ಹೊರಳಿ ಅದರ ಗುಂಟ ಸುಮಾರು 130 ಮೀಟರ್ ಹರಿಯುತ್ತದೆ. 3,700 ವರ್ಷದ ಜರುಗು ಅದು, ವರ್ಷಕ್ಕೆ 34 ಮಿಲಿಮೀಟರ್ ಅಂತ 1984ರಲ್ಲೇ ಲೆಕ್ಕ ಹಾಕಿದ್ದಾರೆ. ನನಗೂ 130ರ ಹತ್ತಿರವೇ ಬಂತು, ಒಂದೆರಡು ಮೀಟರ್ ಆಚೀಚೆ.

ಆ ಒಂದೆರಡು ಮೀಟರ್ ಪಟದ್ದಲ್ಲ, ದಡದ್ದು. ತೊರೆ ತಿರುಗುವ ಮೂಲೆಯಲ್ಲಿ ನೀರು ಹೊರದಡವನ್ನು ಕೊರೆದು ತಿಂದಿರುತ್ತದೆ. ಆ ದಡ ಹಿಡಿದು ಅಳೆದರೆ ಒಂದು ಅಂಕಿ, ಎದುರು ದಡ ಹಿಡಿದರೆ ಇನ್ನೊಂದು. ನಾನು ಮೂಲೆಯನ್ನು ಬಿಟ್ಟು, ಕೆಡದೆ ಉಳಿದ ನೇರ ಭಾಗದ ನಡುಗೆರೆಯನ್ನೇ ಫಾಲ್ಟ್‌ವರೆಗೆ ಎಳೆಯುತ್ತೇನೆ. ಹಳ್ಳ ಫಾಲ್ಟನ್ನು ಓರೆಯಾಗಿ ದಾಟಿದ್ದರೆ ಅದನ್ನು ಪಟ್ಟಿಯಿಂದಲೇ ಕೈಬಿಡುತ್ತೇನೆ. ಫಾಲ್ಟ್ ಗೆರೆಯನ್ನು ಒಂದು ಮೀಟರ್ ತಪ್ಪಿ ಹಾಕಿದರೂ ಅಲ್ಲಿ ಲೆಕ್ಕ ಕೆಡುತ್ತದೆ.

ಆಮೇಲೆ ಸಣ್ಣ ಕೊರಕಲುಗಳು. 1857ರ ಭೂಕಂಪದಲ್ಲಿ ಇಲ್ಲಿ ಒಂಬತ್ತು ಹತ್ತು ಮೀಟರ್ ಜರುಗಿತ್ತು ಅಂತ ಬಹಳ ಕಾಲ ನಂಬಿದ್ದರು. 2010ರಲ್ಲಿ ಲೈಡಾರ್ ನೋಡಿದವರು ಅದನ್ನು ಐದರ ಹತ್ತಿರಕ್ಕೆ ಇಳಿಸಿದರು. ಪಟದ ಚಿತ್ರದಲ್ಲಿ ನನ್ನ ಕೊರಕಲುಗಳೂ ಐದರ ಆಸುಪಾಸಿಗೇ ಬಂದು ನಿಂತವು, ಅರ್ಧ ಮೀಟರ್ ಹೆಚ್ಚುಕಮ್ಮಿ. ಮಾಡೆಲನ್ನು ಫಾಲ್ಟ್ ಗುಂಟ ಕತ್ತರಿಸಿ ಹಿಂದಕ್ಕೆ ಸರಿಸಿದಾಗ ಮೇಲಿನ ಕೊರಕಲು ಕೆಳಗಿನದಕ್ಕೆ ಬಂದು ಕೂತಿದ್ದನ್ನು ನೋಡಬೇಕಿತ್ತು ನೀವು.

ಸುಮ್ನೆ ಕುತೂಹಲಕ್ಕೆ ಕಾಂಗರೂ ಇಲಿಗಳ ಬಿಲಗಳನ್ನೂ ಅದೇ ಚಿತ್ರದಲ್ಲಿ ಎಣಿಸಿದೆ. ಬಿಲದ ಸುತ್ತ ಅವು ಹುಲ್ಲು ಕತ್ತರಿಸಿ ನೆಲ ಬೋಳು ಮಾಡಿರುತ್ತವೆ. ಅಂಥ ಜಾಗದಲ್ಲಿ ಚಿತ್ರ ಬಲು ಚೆನ್ನ. ಆದರೆ ಮಣ್ಣಿನಲ್ಲಿ ಸಿಗುವ ಇದ್ದಿಲಿನಿಂದ ಹಳ್ಳದ ವಯಸ್ಸು ಲೆಕ್ಕ ಹಾಕುವವರಿಗೆ ಆ ಬಿಲಗಳೇ ತಲೆನೋವು, ಮೇಲಿನ ಮಣ್ಣು ಕೆಳಗೆ, ಕೆಳಗಿನದ್ದು ಮೇಲೆ. ಹಾಗಾಗಿ ಬಿಲ ಕಂಡಲ್ಲಿ ಇದ್ದಿಲು ಹೆಕ್ಕುವುದಿಲ್ಲ.

ಸದ್ಯಕ್ಕೆ ಒಂದು ಹಳ್ಳದ ದಡದಲ್ಲಿ ಚೂರುಪಾರು ಇದ್ದಿಲು ಸಿಕ್ಕಿದೆ, ಬೆರಳಿನ ಉಗುರಲ್ಲಿ ಹಿಡಿಯುವಷ್ಟು. ಲ್ಯಾಬ್‌ನವರು ವಯಸ್ಸು ಅಳೆಯಲು ಸ್ಯಾಂಪಲ್ಲಿಗೆ 500 ಡಾಲರ್ ಮೇಲೆ ಹೇಳುತ್ತಾರೆ. ಎರಡು ಕಳಿಸುವ ದುಡ್ಡಿಗೆ ಪಟ, ಕ್ಯಾಮೆರಾ ಎಲ್ಲ ಇನ್ನೊಂದು ಸೆಟ್ ಬರುತ್ತದೆ. ಒಂದನ್ನೇ ಕಳಿಸುತ್ತಿದ್ದೇನೆ.