ವಿಂಚ್ ಕೂಡ್ಸೂಕಿಂತ ಮೊದಲು ಗಾಡಿ ಕೆಳಗ ಹೋಗ್ರಿ

ವಿಂಚ್ ಅಂದ್ರ ಹುಗದ ಗಾಡಿಯನ್ನ ಹಗ್ಗ ಸುತ್ತಿ ಹೊರಗ ಎಳೆಯೂ ಮೋಟಾರು. ಅದರ ಡಬ್ಬಿ ಹೊತ್ತಕೊಂಡ ಬಂದು "ಕಾಕಾ, ಇದನ್ನ ಬಂಪರಿಗೆ ವೆಲ್ಡಿಂಗ್ ಹೊಡದ ಕೊಡ್ರಿ, ಸಂಜಿಕ ಒಯ್ತೇನಿ" ಅನ್ನೋರು ಭಾಳ ಮಂದಿ. ಹುಬ್ಬಳ್ಳಿ ಗೋಕುಲ ರೋಡಿನ ನಮ್ಮ ಶೆಡ್ಡಿನ್ಯಾಗ ನಾ ಮೊದಲು ಆ ಡಬ್ಬಿ ಮೂಲ್ಯಾಗ ಇಟ್ಟು ಗಾಡಿ ಕೆಳಗ ಹೋಗ್ತೇನಿ. ಎಳೆಯೂ ಜೋರು ಹಗ್ಗದಿಂದ ಡ್ರಮ್ಮಿಗೆ, ಡ್ರಮ್ಮಿಂದ ನಾಕು ಬೋಲ್ಟಿಗೆ, ಬೋಲ್ಟಿಂದ ಪ್ಲೇಟಿಗೆ, ಪ್ಲೇಟಿಂದ ನೆಟ್ಟಗ ಚಾಸಿಗೆ, ಅಂದ್ರ ಗಾಡಿ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಹೋಗಬೇಕು. ಈ ದಾರಿ ನಡುವ ಎಲ್ಲೆರ ಬಂಪರಿನ ತಗಡು ಬಂತಂದ್ರ ಅಲ್ಲೇ ಕಿತ್ತತೈತಿ. ಗಾಡಿ ಹೊಲದಾಗ ಉಳದು ಬಂಪರ್ ಒಂದ ರೋಡಿಗೆ ಬಂದ್ರ ಏನ್ ಮಾಡ್ತೀರಿ?

ವಿಂಚ್ ಕೇಳ್ಕೋತ ಬರೋರೊಳಗ ಕಲಘಟಗಿ ದಾಟಿ ಕಾಡಿನ ದಾರಿ ತಿರುಗೂ ಹುಡುಗರು ಅದಾರ, ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ಕೆಲಸಕ್ಕ ಬೊಲೆರೊ ಓಡ್ಸೋರು ಅದಾರ. ಆದ್ರ ಖರೇ ಗರಜು ಇರೂದು ಅಣ್ಣಿಗೇರಿ, ನವಲಗುಂದ, ನರಗುಂದದ ಎರಿ (ಕರಿ ಮಣ್ಣಿನ) ಹೊಲದೋರಿಗೆ. ಮಸಾರಿಯ ಕೆಂಪ ಮಣ್ಣಿನೊಳಗ ಗಾಲಿ ಜಾರ್ತೈತಿ, ಎರಿಯೊಳಗ ಹುಗೀತೈತಿ. ಮಳಿ ಬಿದ್ದ ಮ್ಯಾಲ ಆ ಮಣ್ಣು ಟೈರಿನ ಕಚ್ಚು ತುಂಬ್ತೈತಿ, ಮಡ್‌ಗಾರ್ಡ್ ತುಂಬ್ತೈತಿ, ಕಡೀಕ ಗಾಡಿ ಅಚ್ಚಿನ ನಡುವಿನ ಗೇರಿನ ಡಬ್ಬಿ (ಡಿಫರೆನ್ಷಿಯಲ್) ಮ್ಯಾಲ ಕುಂತ ಬಿಡ್ತೈತಿ. ಆವಾಗ ವಿಂಚ್ ಗಾಡಿ ತೂಕದ ಜೋಡಿ ಹಿಡಕೊಂಡ ಮಣ್ಣನ್ನೂ ಬಿಡಿಸಿಕೊಂಡ ಬರಬೇಕು.

ಅದಕ್ಕ ಅಳತಿ ಹಿಂಗ ಹಿಡೀರಿ. ಗಾಡಿಯ ಪೂರ್ಣ ತೂಕ, ಅಂದ್ರ ಮಂದಿ, ಸಾಮಾನು ಕೂಡಿದ ತೂಕ ನೋಡ್ರಿ. ಅದಕ್ಕ ಒಂದೂವರಿಪಟ್ಟು ಮಾಡ್ರಿ. 2,300 ಕೆ.ಜಿ. ಗಾಡಿಗೆ 3,450 ಕೆ.ಜಿ. ಆತು. ವಿಂಚಿನ ಲೆಕ್ಕ ಪೌಂಡಿನ್ಯಾಗ ಇರ್ತೈತಿ: 8,000 ಪೌಂಡ್ ಅಂದ್ರ ಸುಮಾರು 3,630 ಕೆ.ಜಿ., 9,500 ಪೌಂಡ್ ಅಂದ್ರ 4,310, 12,000 ಅಂದ್ರ 5,440. 8,000ದ್ದು ಲೆಕ್ಕಕ್ಕ ಸಾಕು, ಎರಿ ಹೊಲಕ್ಕ ನಾ 9,500 ಅಂತೇನಿ.

ಅಣ್ಣಿಗೇರಿಯ ಒಬ್ಬ ಹುಡುಗ ಥಾರ್ ತಂದಾಗ ಕೇಳಿದ್ದ, "ಕಾಕಾ, ದೊಡ್ಡದ ತರಲ್ಯಾ? 12,000ದ್ದು?"

"ಬ್ಯಾಡ ತಮ್ಮಾ. ಅಷ್ಟ ಜೋರು ಹಾಕಿದ್ರ ಅಷ್ಟ ಜೋರಿಗೆ ಪ್ಲೇಟು, ಚಾಸಿ ತಡೀಬೇಕು. ಬ್ಯಾಟರಿನೂ ತಡೀಬೇಕು. ಸಾಲದ್ದಕ್ಕ ಮೂತಿ ಮ್ಯಾಲ ತೂಕ ಬ್ಯಾರೆ."

ಹೆಚ್ಚಿನ ಜೋರು ಬೇಕಾದ್ರ ಸ್ನ್ಯಾಚ್ ಬ್ಲಾಕ್ ಅಂತ ಒಂದು ಪುಲ್ಲಿ ಬರ್ತೈತಿ. ಹಗ್ಗ ಅದರೊಳಗ ಹಾಯಿಸಿ ವಾಪಸ್ ಗಾಡಿಗೆ ತಂದು ಸಿಗಿಸಿದ್ರ ಎಳೆತ ಹತ್ತಿರ ಹತ್ತಿರ ಎರಡುಪಟ್ಟು ಆಗ್ತೈತಿ, ವೇಗ ಅರ್ಧಕ್ಕ ಇಳಿತೈತಿ. ಇನ್ನೊಂದು ಮಾತು ಅಂಗಡ್ಯಾಗ ಯಾರೂ ಹೇಳಂಗಿಲ್ಲ. ಡಬ್ಬಿ ಮ್ಯಾಲಿನ 9,500 ಅನ್ನೂದು ಡ್ರಮ್ಮಿನ ಮ್ಯಾಲ ಹಗ್ಗದ ಮೊದಲನೇ ಪದರ ಒಂದ ಇದ್ದಾಗಿನ ಲೆಕ್ಕ. ಪದರ ಏರಿದಂಗ ಡ್ರಮ್ಮಿನ ಸುತ್ತಳತಿ ದೊಡ್ಡದಾಗ್ತೈತಿ, ಎಳೆತ ಇಳಿತೈತಿ. ನಾಕನೇ ಪದರಿಗೆ ಮೂರನೇ ಒಂದು ಪಾಲು ಹೋದ್ರೂ ಆಶ್ಚರ್ಯ ಇಲ್ಲ. ಅದಕ್ಕ ಗಾಡಿ ಮುಂದಿನ ಗಿಡಕ್ಕ ಕಟ್ಟೂದ ಬಿಟ್ಟು ದೂರಿನ ಗಿಡಕ್ಕ ಹಗ್ಗ ಬಿಡೂದು ಚಲೋ.

ಈಗ ಪ್ಲೇಟು. ಬಂಪರ್ ಬಿಚ್ಚೂ ಮೊದಲು ಮುಂದಿನ ಗಾಲಿಯ ನಡುವಿಂದ ಫೆಂಡರಿನ ಅಂಚಿನ ಮಟ ಎರಡೂ ಬಾಜೂ ಟೇಪ್ ಹಿಡದು ಬರದಿಟ್ಟಕೋರಿ. ಉಕ್ಕಿನ ಹಗ್ಗದ 9,500 ಪೌಂಡಿನ ವಿಂಚ್ ಸುಮಾರು 40 ಕೆ.ಜಿ. ತೂಗ್ತೈತಿ, ಮ್ಯಾಲ ಪ್ಲೇಟಿನ ತೂಕ. ಕೆಲಸ ಮುಗದ ಮ್ಯಾಲ ಅದ ಜಾಗಾ ಮತ್ತ ಅಳೀರಿ. ಭಾಳ ಕುಸದಿದ್ರ ಸ್ಪ್ರಿಂಗ್ ನೋಡಬೇಕಾಗ್ತೈತಿ, ಹೆಡ್‌ಲೈಟಿನ ಮಟ್ಟ ಅಂತೂ ತಿದ್ದಬೇಕು.

ಬಂಪರ್ ಬಿಚ್ಚಿದ್ರ ಚಾಸಿಯ ಎರಡು ತುದಿ ಕಾಣ್ತಾವು. ಮಣ್ಣು, ಜಂಗು ತಂತಿ ಬ್ರಶ್ ಹಚ್ಚಿ ತಿಕ್ಕಿ ಬಿಡ್ರಿ. ಕಂಪನಿ ಮೊದಲ ಹೊಡದ ತೂತು ಅದಾವೇನು, ಟೋ ಹುಕ್ ಎಲ್ಲಿ ಕುಂತೈತಿ, ಅದನ್ನ ಮೊದಲು ಹುಡುಕ್ರಿ. ಇದ್ದ ತೂತಿಗೆ ನಮ್ಮ ಬ್ರ್ಯಾಕೆಟ್ ಹೊಂದಬೇಕು. ಚಾಸಿಗೆ ಗ್ಯಾಸ್ ಹಚ್ಚಿ ತೂತು ಸುಡೂದು, ಚಾಸಿ ಮ್ಯಾಲ ವೆಲ್ಡಿಂಗ್ ಹೊಡಿಯೂದು ನಮ್ಮ ಶೆಡ್ಡಿನ್ಯಾಗ ಇಲ್ಲ. ಕಾಯಿಸಿದ ಜಾಗಾದಾಗ ಕಬ್ಬಿಣದ ಗುಣ ಬದಲಾಗ್ತೈತಿ, ಬಿರುಕು ವೆಲ್ಡಿನ ಬಾಜೂಕ ಶುರು ಆಗ್ತೈತಿ. ಹೊಸ ಗಾಡಿ ಇದ್ರ ಏರ್‌ಬ್ಯಾಗಿನ ಸೆನ್ಸರ್ ಮುಂದ ಇರ್ತಾವು. ಅವನ್ನ ಅಲ್ಲಾಡಿಸೂದು, ಜಾಗಾ ಸರಿಸೂದು ಮಾಡಬ್ಯಾಡ್ರಿ.

ವಿಂಚ್ ಕುಂಡ್ರೂ ತಳಕ್ಕ 6 ಎಂ.ಎಂ. ಎಂ.ಎಸ್. (ಸಾದಾ ಉಕ್ಕಿನ) ಪ್ಲೇಟು, ಚಾಸಿಗೆ ಹತ್ತೂ ಬ್ರ್ಯಾಕೆಟ್ಟಿಗೆ 8 ಎಂ.ಎಂ. ತಗೋರಿ. ಬರೇ ಸಪಾಟ ಪ್ಲೇಟು ಬ್ಯಾಡ. ಮುಂದಿನ ಅಂಚು, ಹಿಂದಿನ ಅಂಚು ಮಡಚಿಸಿದ್ರ ಅದ ದಪ್ಪಕ್ಕ ಎಷ್ಟೋ ಪಟ್ಟು ಬಿಗಿ ಬರ್ತೈತಿ. 8,000ದಿಂದ 12,000 ಪೌಂಡಿನ ವಿಂಚಿಗೆಲ್ಲಾ ಕಾಲಿನ ತೂತು ಬಹುಶಃ ಒಂದ ಅಳತಿ: 10 ಇಂಚು ಅಗಲ, ನಾಕೂವರಿ ಇಂಚು ಉದ್ದ, ಅಂದ್ರ 254 ಮತ್ತ 114 ಎಂ.ಎಂ. ಹಂಗಂತ ಕಾಗದ ನೋಡಿ ಡ್ರಿಲ್ ಹಿಡೀಬ್ಯಾಡ್ರಿ. ವಿಂಚನ್ನ ಪ್ಲೇಟಿನ ಮ್ಯಾಲ ಇಟ್ಟು ಗುರುತು ಹಾಕಿ, ಪಂಚ್ ಹೊಡದು, ಆಮ್ಯಾಲ ತೂತು ಹಾಕ್ರಿ. ಬ್ರ್ಯಾಕೆಟ್, ಪ್ಲೇಟಿನ ವೆಲ್ಡಿಂಗ್ ಬೆಂಚ್ ಮ್ಯಾಲ, ಎರಡೂ ಬಾಜೂ, ಮೂಲಿಗೆ ತ್ರಿಕೋನದ ಪಟ್ಟಿ ಕೊಟ್ಟು. ತಾತ್ಪೂರ್ತಿಕ ಟ್ಯಾಕ್ ಹೊಡದು ಗಾಡಿಗೆ ಹಿಡದ ನೋಡಿ, ಮತ್ತ ಬಿಚ್ಚಿ ಪೂರಾ ವೆಲ್ಡ್ ಹೊಡೀಬೇಕು.

ಚಾಸಿ ಡಬ್ಬಿ ಆಕಾರದ್ದಿದ್ರ ಒಂದು ಸಣ್ಣ ಕೆಲಸ ಐತಿ, ಭಾಳ ಮಿಸ್ತ್ರಿಗಳು ಅದನ್ನ ಬಿಡ್ತಾರ. ಈ ಬಾಜೂದಿಂದ ಆ ಬಾಜೂಕ ಬೋಲ್ಟ್ ಹಾಯಿಸಿ 19ರ ಪಾನಾ ಹಚ್ಚಿ ತಿರುವ್ರಿ. ನಟ್ ಬಿಗಿ ಆಗ್ಕೋತ ಹೋಗ್ತೈತಿ, ಒಮ್ಮಿಂದೊಮ್ಮೆ ಮೆತ್ತಗ ಆದಂಗ ಆಗಿ ಇನ್ನರ್ಧ ಸುತ್ತು ಸಲೀಸಾಗಿ ತಿರುಗ್ತೈತಿ. ಅಲ್ಲಿ ನಟ್ ಬಿಗಿ ಆಗಿಲ್ಲ, ಚಾಸಿಯ ಎರಡು ಗ್ವಾಡಿ ಒಳಗ ಬಾಗ್ಯಾವು. ಬಾಗಿದ ಗ್ವಾಡಿಗೆ ಎಷ್ಟ ಬಿಗಿದ್ರೂ ಎಂಟು ದಿನಕ್ಕ ಸಡಿಲ. ಅದಕ್ಕ ಚಾಸಿಯ ಒಳಗಿನ ಅಗಲಕ್ಕ ಸರಿಯಾಗಿ ದಪ್ಪ ಗ್ವಾಡಿಯ ಪೈಪಿನ ತುಂಡು ಕತ್ತರಿಸಿ, ಮುಂದಿನ ತೆರದ ಬಾಯಿಂದ ಒಳಗ ತಳ್ಳಿ, ಬೋಲ್ಟ್ ಅದರೊಳಗ ಹಾಯಿಸಬೇಕು. ಪೈಪು ಕೂದಲೆಳಿಯಷ್ಟ ಗಿಡ್ಡ ಆದ್ರೂ ಕೆಲಸಕ್ಕ ಬರಂಗಿಲ್ಲ. ಗ್ರೈಂಡರಿಗಿಂತ ಲೇತ್ ಮ್ಯಾಲ ಕತ್ತರಿಸಿದ್ರ ಮುಖ ನೆಟ್ಟಗ ಬರ್ತಾವು.

ಚಾಸಿಗೆ 12 ಎಂ.ಎಂ. ಬೋಲ್ಟು, ವಿಂಚಿಗೆ 10 ಎಂ.ಎಂ. ಬೋಲ್ಟು. ಎರಡೂ ತಲಿ ಮ್ಯಾಲ 8.8 ಅಂತ ಗಟ್ಟಿತನದ ಅಚ್ಚು ಇದ್ದದ್ದ ಬೇಕು. ಏನೂ ಬರದಿರದ ಬೋಲ್ಟು ಗೇಟಿಗೆ ಹಾಕ್ರಿ. ವಿಂಚಿನ ಬೋಲ್ಟು ಉದ್ದ ಆದ್ರ ಒಳಗ ತಳಕ್ಕ ತಾಗಿ ನಿಲ್ತೈತಿ. ಪಾನಾಕ್ಕ ಬಿಗಿ ಅನಸ್ತೈತಿ, ವಿಂಚ್ ಮಾತ್ರ ಅಲ್ಲಾಡ್ತಿರ್ತೈತಿ. ಬಿಗಿ ಅಳಿಯೂ ಪಾನಾ (ಟಾರ್ಕ್ ರೆಂಚ್) ಇದ್ದೋರು 10ರ ಬೋಲ್ಟಿಗೆ 45 ನ್ಯೂಟನ್ ಮೀಟರ್, 12ರದ್ದಕ್ಕ 80ರ ಹತ್ತಿರ ಇಡ್ರಿ. ಬಿಗಿ ಆದ ಮ್ಯಾಲ ನಟ್ಟಿಂದ ಪ್ಲೇಟಿನ ಮ್ಯಾಲ ಬರೂವಂಗ ಬಿಳಿ ಪೇಂಟಿನ ಒಂದು ಗೆರಿ ಎಳೀರಿ. ನಟ್ ಸರಿದ್ರ ಗೆರಿ ಮುರಿತೈತಿ, ಪಾನಾ ಹಚ್ಚಿ ನೋಡೂ ಕೆಲಸ ಇಲ್ಲ.

ಪೂರಾ ಬಿಗಿಯೂ ಮೊದಲು ಎಲ್ಲಾ ಹಂಗ ಕೂಡಿಸಿ ನೋಡ್ರಿ. ರೇಡಿಯೇಟರಿಗೆ ಗಾಳಿ ಅಡ್ಡ ಆಗ್ತೈತೇನು? ಬಾನೆಟ್ ತೆರೀತೈತೇನು? ಹಗ್ಗ ಸಡಿಲ ಬಿಡೂ ಕ್ಲಚ್ ಹಿಡಿಕಿಗೆ ಕೈಗವಸು ಹಾಕ್ಕೊಂಡ ಕೈ ಹೋಗ್ತೈತೇನು? ರಾತ್ರಿ, ಮಳ್ಯಾಗ, ರಾಡ್ಯಾಗ ನಿಂತು ತಿರುವಬೇಕಾದ ಹಿಡಿಕಿ ಅದು. ನಂಬರ್ ಪ್ಲೇಟ್ ಮುಚ್ಚಬಾರದು. ಹೊರಗಿಂದ ದೊಡ್ಡ ಗಾರ್ಡ್ ಬೇಕಂತ ಹಟ ಹಿಡಿಯೋರಿಗೆ ಒಂದು ಮಾತು: 2017ರ ಡಿಸೆಂಬರಿನ್ಯಾಗ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಮ್ಯಾಲ ಕ್ರಮ ತಗೋರಿ ಅಂತ ರಾಜ್ಯಗಳಿಗೆ ಬರದೈತಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ. ನಾ ಗಾರ್ಡ್ ಮಾಡಂಗಿಲ್ಲ, ವಿಂಚನ್ನ ಬಂಪರಿನ ಹಿಂದ ಆದಷ್ಟು ಒಳಗ ಕೂಡ್ಸ್ತೇನಿ. ಏನ ಹಾಕಿಸಿದ್ರೂ ಆರ್.ಟಿ.ಓ. ಆಫೀಸಿನ್ಯಾಗ ಒಮ್ಮೆ ಕೇಳ್ರಿ.

ಹಗ್ಗ ಡ್ರಮ್ಮಿನ ಕೆಳಗಿಂದ ಹೊರಗ ಬರಬೇಕು. ಉಲ್ಟಾ ಸುತ್ತಿದ್ರ ಒಳಗಿನ ಬ್ರೇಕ್ ಹಿಡಿಯಂಗಿಲ್ಲ. ಉಕ್ಕಿನ ಹಗ್ಗಕ್ಕ ಮುಂದ ನಾಕು ರೋಲರಿನ ಬಾಯಿ, ಸಿಂಥೆಟಿಕ್ ಹಗ್ಗಕ್ಕ ನುಣ್ಣಗಿನ ಅಲ್ಯೂಮಿನಿಯಂ ಬಾಯಿ. ಉಕ್ಕು ತಿಕ್ಕಿ ಕಚ್ಚು ಬಿದ್ದ ರೋಲರ್ ಮ್ಯಾಲ ಸಿಂಥೆಟಿಕ್ ಹಗ್ಗ ಹಾಕಿದ್ರ ನೂಲು ನೂಲಾಗಿ ಹರೀತೈತಿ.

ವೈರಿಂಗಿಗೆ ಬಂದ್ರ ಇನ್ನೊಂದು ತಲಿನೋವು. ಫಾಗ್ ಲೈಟಿನಂಗ ಫ್ಯೂಸ್ ಬಾಕ್ಸಿಂದ ವೈರ್ ಎಳೆಯೂ ಸಾಮಾನು ಇದಲ್ಲ. ಪೂರಾ ಜೋರು ಎಳೆಯೂವಾಗ ವಿಂಚಿನ ಮೋಟಾರು 400 ಆಂಪಿಯರ್ ದಾಟ್ತೈತಿ. ಪ್ಲಸ್, ಮೈನಸ್ ಎರಡೂ 35 ಚದರ ಎಂ.ಎಂ. ತಾಮ್ರದ ಕೇಬಲ್ಲಿನ್ಯಾಗ ನೆಟ್ಟಗ ಬ್ಯಾಟರಿಗೆ ಹೋಗಬೇಕು. ಮೈನಸ್ಸನ್ನ ಬಾಡಿಗೆ ಹಚ್ಚಿ ಕೈ ತೊಳಕೊಬ್ಯಾಡ್ರಿ. ಕೇಬಲ್ ತುದಿಗೆ ಹಾಕೂ ಲಗ್ಗನ್ನ ಸುತ್ತಿಗಿ ಹೊಡದು ಚಪ್ಪಟಿ ಮಾಡೋರು ಅದಾರ. ಹೈಡ್ರಾಲಿಕ್ ಕ್ರಿಂಪರಿಂದ ಒತ್ತಿಸಿ, ಮ್ಯಾಲ ಸ್ಲೀವ್ ಹಾಕಿ ಕಾಯಿಸ್ರಿ. ಸಡಿಲ ಲಗ್ ಕಾಯ್ತೈತಿ, ಕಾದದ್ದು ಇನ್ನೂ ಸಡಿಲ ಆಗ್ತೈತಿ. ಕೇಬಲ್ ಸೈಲೆನ್ಸರ್, ಫ್ಯಾನ್, ಬೆಲ್ಟಿನ ಹತ್ತಿರ ಹಾಯಬಾರದು, ತಗಡಿನ ತೂತಿನ್ಯಾಗ ರಬ್ಬರಿನ ಉಂಗುರ (ಗ್ರೋಮೆಟ್) ಇರಬೇಕು. ಪ್ಲಸ್ಸಿನ ದಾರ್ಯಾಗ ಬ್ಯಾಟರಿ ಬಗಲಾಗ ಕರೆಂಟ್ ಪೂರಾ ಬಂದ್ ಮಾಡೂ ಒಂದು ಐಸೋಲೇಟರ್ ಸ್ವಿಚ್ ಕಡ್ಡಾಯ ಹಾಕ್ರಿ, ಅದೂ ವಿಂಚಿನ ಆಂಪಿಯರ್ ತಡಿಯೂವಂಥದ್ದು. ಗುದ್ದಾಟದಾಗ ಕೇಬಲ್ ಕತ್ತರಿಸಿ ಬಾಡಿಗೆ ತಾಗಿದ್ರ ಬೆಂಕಿನ. ಕೆಲಸ ಇಲ್ಲದಾಗ ಸ್ವಿಚ್ ಬಂದ್ ಇರ್ಲಿ. ಕಂಟ್ರೋಲ್ ಬಾಕ್ಸನ್ನ ಆದಷ್ಟು ಎತ್ತರದಾಗ ಹಾಕ್ರಿ, ಬೆಣ್ಣಿಹಳ್ಳದಂಥ ಹಳ್ಳ ದಾಟೂ ಗಾಡಿ ಇದ್ರ ಅಂತೂ ಖಾತ್ರಿ.

ಎಂಜಿನ್ ತಿರುಗಿಸೂ ಆಲ್ಟರ್ನೇಟರ್ ಇಷ್ಟ ಕರೆಂಟ್ ಕೊಡಂಗಿಲ್ಲ, ಹೆಚ್ಚಿನ ಪಾಲು ಬ್ಯಾಟರಿದ. ಹಳೇ ಬ್ಯಾಟರಿ ಇದ್ರ ವಿಂಚಿನಕಿಂತ ಮೊದಲು ಅದನ್ನ ಬದಲಿಸ್ರಿ. ಎಂಜಿನ್ ಚಾಲೂ ಇಟ್ಟ ಎಳೀಬೇಕು, ಒಂದು ನಿಮಿಷ ಎಳದು ನಿಲ್ಲಿಸಿ ಮೋಟಾರಿಗೆ ಕೈ ಹಚ್ಚಿ ನೋಡ್ರಿ. ಕೈ ಇಡಾಕ ಆಗದಷ್ಟ ಕಾದಿದ್ರ ಒಂದು ಚಾ ಕುಡದ ಬರ್ರಿ.

ಶೆಡ್ಡಿಂದ ಗಾಡಿ ಹೊರಗ ಬಿಡೂ ಮೊದಲು ಹಗ್ಗ ಬಿಚ್ಚಿ ಮತ್ತ ಸುತ್ತಬೇಕು. ಡಬ್ಬ್ಯಾಗಿನ ಹಗ್ಗ ಸಡಿಲ ಸುತ್ತಿರ್ತೈತಿ. ಹಂಗ ಎಳದ್ರ ಮ್ಯಾಲಿನ ಪದರ ಕೆಳಗಿನದ್ರೊಳಗ ಕಚ್ಚಿ ಸಿಗೀತೈತಿ. ಸಣ್ಣ ಏರಿನ್ಯಾಗ ಒಂದು ಗಿಡಕ್ಕ ಪಟ್ಟಿ ಕಟ್ಟಿ, ಒಬ್ಬಾಂವ ಒಳಗ ಕುಂತು ಬ್ರೇಕ್ ಹಗೂರಕ ಹಿಡದು, ಗಾಡಿ ತಾನ ತನ್ನ ಎಳಕೊಂಡ ಬರೂವಂಗ ಮಾಡ್ರಿ. ಸುತ್ತು ಬಾಜೂಬಾಜೂಕ ಬಿಗಿಯಾಗಿ ಕುಂಡ್ರತಾವು. ಉಕ್ಕಿನ ಹಗ್ಗದ ಐದು ಸುತ್ತು, ಸಿಂಥೆಟಿಕ್ ಇದ್ರ ಎಂಟು-ಹತ್ತು ಸುತ್ತು ಯಾವಾಗ್ಲೂ ಡ್ರಮ್ಮಿನ ಮ್ಯಾಲ ಉಳೀಬೇಕು. ಅಲ್ಲಿಗೆ ಕೆಂಪು ಪೇಂಟ್ ಹಚ್ಚಿ ಬಿಟ್ರ ಕತ್ತಲಾಗೂ ತಿಳೀತೈತಿ.

ಎರಿ ಬಯಲಾಗ ಕಟ್ಟೂದ್ಯಾತಕ್ಕ ಅನ್ನೂದ ದೊಡ್ಡ ಪ್ರಶ್ನೆ. ಬದುವಿನ ಬೇವು, ಜಾಲಿ ಸಿಕ್ರ ಬುಡಕ್ಕ ಅಗಲ ಪಟ್ಟಿ ಹಾಕಿ ಶ್ಯಾಕಲ್ (ಉಕ್ಕಿನ ಕೊಂಡಿ) ಹಚ್ಚಿ ಎಳೀರಿ, ಬರೇ ಹಗ್ಗ ಸುತ್ತಿದ್ರ ಗಿಡನೂ ಸಾಯ್ತೈತಿ, ಹಗ್ಗನೂ ಸಾಯ್ತೈತಿ. ಹೆಸ್ಕಾಂ ಕರೆಂಟ್ ಕಂಬಕ್ಕ ಕಟ್ಟಬ್ಯಾಡ್ರಿ, ಕಂಬ ಬೀಳೂದು ಗಾಡಿ ಮ್ಯಾಲನ. ಗಿಡ ಇಲ್ಲದ ಕಡೆ ಬದುವಿನ ಮ್ಯಾಲ ಟ್ರ್ಯಾಕ್ಟರ್ ನಿಲ್ಲಿಸಿ, ಗೇರಿನ್ಯಾಗ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಅದಕ್ಕ ಕಟ್ಟೂದು ಚಲೋ. ಟ್ರ್ಯಾಕ್ಟರನ್ನ ಕೆಸರಿಗೆ ಇಳಿಸಿ ಎರಡೂ ಹುಗಿಸೂದು ತಪ್ತೈತಿ. ಹಗ್ಗದ ನಡುವ ಹಸಿ ಗೋಣಿಚೀಲ ಹಾಸ್ರಿ, ಹರದ್ರ ಹಗ್ಗ ನೆಲಕ್ಕ ಬೀಳ್ತೈತಿ. ನೋಡಾಕ ನಿಂತ ಹುಡುಗರನ್ನ ಹಗ್ಗದ ಉದ್ದಕ್ಕಿಂತ ದೂರ ಕಳಿಸ್ರಿ.

ಮೊದಲನೇ ಸಲ ಜೋರ ಎಳದ ಮ್ಯಾಲ ಬಿಳಿ ಗೆರಿ ನೋಡಿ ಬಿಗೀರಿ. ಮನಿಗೆ ಬಂದ ಕೂಡ್ಲೆ ರೋಲರಿಗೆ, ಹಗ್ಗಕ್ಕ ನೀರು ಹೊಡೀರಿ. ಎರಿ ಮಣ್ಣು ಒಣಗಿತಂದ್ರ ಚಾಣಾ, ಸುತ್ತಿಗಿ ಹಿಡಕೊಂಡ ಕುಂಡ್ರಬೇಕಾಗ್ತೈತಿ.