ಅದು ನೆರಳಲ್ಲ, ಕೆಂಪು

ನಾನು ಅಮೆರಿಕದಲ್ಲಿ ಗ್ರಾಫಿಕ್ ಡಿಸೈನ್ ಕೆಲಸ ಮಾಡುತ್ತೇನೆ. ಒಂದು ಸಲ ಕಾಲೇಜ್ ಫ್ರಟರ್ನಿಟಿಯೊಂದರ ಹುಡುಗರು ಬಂದರು. ಫ್ರಟರ್ನಿಟಿ ಅಂದರೆ ವಿದ್ಯಾರ್ಥಿಗಳ ಸಂಘ. ಗ್ರೀಕ್ ಅಕ್ಷರಗಳ ಹೆಸರು, ಒಬ್ಬರಿಗೊಬ್ಬರು 'ಬ್ರದರ್'. ಹಳೇ ಇಯರ್‌ಬುಕ್ಕಿನಲ್ಲಿ ಅಚ್ಚಾಗಿದ್ದ ತಮ್ಮ ಲಾಂಛನದ ಸ್ಕ್ಯಾನ್ ಕೊಟ್ಟು, ಬ್ಯಾನರಿಗೆ ಬಣ್ಣದಲ್ಲಿ ಬರೆದುಕೊಡಿ ಅಂದರು. ಎರಡು ದಿನದ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಕಪ್ಪು-ಬಿಳುಪು ಚಿತ್ರ. ಗುರಾಣಿಯ ತುಂಬಾ ಕೂದಲೆಳೆಯಂಥ ಉದ್ದುದ್ದ ಗೆರೆಗಳು. ನಡುವೆ ಒಂದು ಅಡ್ಡಪಟ್ಟಿ, ಅದರ ತುಂಬಾ ಚುಕ್ಕಿ. ಗೆರೆ ಅಂದರೆ ನೆರಳಿರಬೇಕು ಅಂತ ಬೂದು ಬಣ್ಣ ತುಂಬಿದೆ. ಚುಕ್ಕಿ ಹಳೇ ಕಾಗದದ ಕೊಳೆ ಅಂತ ಒಂದು ಸಂಜೆಯೆಲ್ಲಾ ಕೂತು ಒಂದೊಂದಾಗಿ ಅಳಿಸಿದೆ. ಕಳಿಸಿದ ಮಾರನೇ ದಿನ ಸಂಘದ ಹಿರಿಯರೊಬ್ಬರು ಫೋನ್ ಮಾಡಿದರು. "ನಮ್ಮ ಬಣ್ಣ ಎಲ್ಲಿ ಹೋಯ್ತು?"

ಆ ಗೆರೆಗಳೇ ಬಣ್ಣ! ಮೇಲಿಂದ ಕೆಳಕ್ಕೆ ಎಳೆದ ಉದ್ದ ಗೆರೆ ಅಂದರೆ ಕೆಂಪು, ಅಡ್ಡ ಗೆರೆ ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟರೆ ಬೆಳ್ಳಿ. ಪೆಟ್ರಾ ಸಾಂಕ್ಟಾ ಎಂಬ ಜೆಸ್ಯೂಟ್ ಪಾದ್ರಿ 1638ರ ತನ್ನ ಪುಸ್ತಕದಲ್ಲಿ ಬಳಸಿ ಚಾಲ್ತಿಗೆ ತಂದ ಪದ್ಧತಿ ಇದು. ನಾನು ಅಳಿಸಿದ್ದು ಕೊಳೆಯನ್ನಲ್ಲ, ಚಿನ್ನವನ್ನು.

ಹಿರಿಯರು ಆಮೇಲೆ ಒಂದು ಸಾಲು ಕಳಿಸಿದರು. ಇದಕ್ಕೆ ಬ್ಲೇಜನ್ ಅನ್ನುತ್ತಾರೆ. 'ಕೆಂಪು ಗುರಾಣಿ, ಅಡ್ಡಲಾಗಿ ಚಿನ್ನದ ಪಟ್ಟಿ, ಪಟ್ಟಿಯ ಮೇಲೆ ಮೂರು ಕಪ್ಪು ನಕ್ಷತ್ರ.' ಲಾಂಛನ ಅಂದರೆ ಈ ಮಾತೇ, ಚಿತ್ರವಲ್ಲ. ಅದನ್ನು ಓದಿ ಇಬ್ಬರು ಎರಡು ಥರ ಬರೆದರೂ ಎರಡೂ ಸರಿ. ಮೊದಲೇ ಕೇಳಿದ್ದರೆ ನನ್ನ ಒಂದು ವಾರ ಉಳಿಯುತ್ತಿತ್ತು.

ಬಣ್ಣ ಕೂರಿಸುವುದಕ್ಕೂ ನಿಯಮವಿದೆ. ಚಿನ್ನ, ಬೆಳ್ಳಿ ಲೋಹಗಳು; ಕೆಂಪು, ನೀಲಿ, ಕಪ್ಪು ಇಂಥವು ಬಣ್ಣಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಬರಕೂಡದು. ರಣರಂಗದಲ್ಲಿ ದೂರದಿಂದ ಗುರುತು ಸಿಗಬೇಕಲ್ವಾ? ನಮ್ಮ ಕರ್ನಾಟಕದ ಲಾಂಛನ ನೋಡಿ, ಕೆಂಪಿನ ಮೇಲೆ ಬಿಳಿ ಗಂಡಭೇರುಂಡ. ಬಿಳಿ ಅಂದರೆ ಇಲ್ಲಿ ಬೆಳ್ಳಿ. ಸರಿಯಾಗಿ ನಿಯಮದಂತೆಯೇ ಇದೆ.

ಫ್ರಟರ್ನಿಟಿಗಳ ಲಾಂಛನ ಶುರುವಿನಿಂದಲೇ ಹೀಗೆ ನಿಯಮದಂತೆ ಇರಲಿಲ್ಲ. 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾದ ಗುರುತು ಒಂದು ಬೆಳ್ಳಿ ಪದಕ, ಅದರ ಮೇಲೆ ಬೆರಳು ತೋರಿಸುವ ಕೈ ಮತ್ತು ಮೂರು ನಕ್ಷತ್ರ. ಆಮೇಲೆ ಬಂದ ಸಂಘಗಳು ಇಯರ್‌ಬುಕ್ಕಿಗೆ ಅಂತ ಚಿತ್ರ ಕೆತ್ತಿಸಿದವು. ತಲೆಬುರುಡೆ, ದೀಪ, ಕಣ್ಣು, ಕೈಕುಲುಕು ಎಲ್ಲವನ್ನೂ ಒಟ್ಟಿಗೆ ತುರುಕಿದ್ದರು. ಅದನ್ನೆಲ್ಲ ಹೆರಾಲ್ಡ್ರಿಯ, ಅಂದರೆ ಲಾಂಛನಶಾಸ್ತ್ರದ, ನಿಯಮಕ್ಕೆ ತಂದವರಲ್ಲಿ ನನಗೆ ಇಷ್ಟವಾದವರು ಎಮಿಲಿ ಬಟರ್‌ಫೀಲ್ಡ್. ವೃತ್ತಿಯಲ್ಲಿ ಆರ್ಕಿಟೆಕ್ಟ್. 1904ರಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಗಾಮಾ ಡೆಲ್ಟಾ ಎಂಬ ಹೆಣ್ಣುಮಕ್ಕಳ ಸಂಘ ಕಟ್ಟಿದವರಲ್ಲಿ ಒಬ್ಬರು. 1931ರಲ್ಲಿ ಈ ವಿಷಯಕ್ಕೇ ಒಂದು ಪುಸ್ತಕ ಬರೆದರು.

ಮತ್ತೆ ಹುಡುಗರ ಲಾಂಛನಕ್ಕೆ ಬಂದರೆ, ಗುರಾಣಿಯ ಮೇಲೆ ಹೆಲ್ಮೆಟ್, ಅದರ ಮೇಲೆ ಎರಡು ಬಣ್ಣದ ಬಟ್ಟೆ ಹೊಸೆದ ಸುರುಳಿ. ನೋಡಿದ ಕೂಡಲೇ ನೆನಪಾಗಿದ್ದು ನಮ್ಮೂರಲ್ಲಿ ಕೊಡದ ಕೆಳಗೆ ಇಡುವ ಸಿಂಬಿ. ಸಿಂಬಿಯ ಮೇಲೆ ಕೂರುವುದೇ ಕ್ರೆಸ್ಟ್. ಜನ ಸುಮ್ನೆ ಇಡೀ ಲಾಂಛನವನ್ನೇ ಕ್ರೆಸ್ಟ್ ಅಂತಾರೆ.

ಹೆಲ್ಮೆಟ್ ಮಾತ್ರ ತಲೆನೋವಾಯಿತು. ಇವರದು ಎದುರಿಗೆ ಮುಖ ಮಾಡಿದ, ಚಿನ್ನದ ಸರಳುಗಳ ಹೆಲ್ಮೆಟ್. ಇಂಗ್ಲೆಂಡಿನಲ್ಲಿ ಅದು ರಾಜಮನೆತನಕ್ಕೆ ಮೀಸಲು. ಅಲ್ಲಿ ಇದನ್ನೆಲ್ಲ ನೋಡಿಕೊಳ್ಳಲು 1484ರಿಂದ ಕಾಲೇಜ್ ಆಫ್ ಆರ್ಮ್ಸ್ ಇದೆ. ಅಮೆರಿಕದಲ್ಲಿ ಇಂಥ ಸಂಘಗಳನ್ನು ಕೇಳುವವರಿಲ್ಲ. ನಾನೇ ಕೇಳಿದೆ. ಹಿರಿಯರು ನಕ್ಕು, "ಬ್ಲೇಜನ್ನಿನಲ್ಲಿ ಹೆಲ್ಮೆಟ್ ಮಾತೇ ಇಲ್ಲವಲ್ಲ, ತಿರುಗಿಸಿಬಿಡಿ" ಅಂದರು. ಪಕ್ಕಕ್ಕೆ ತಿರುಗಿಸಿದೆ.

ಬ್ಯಾನರ್ ಚೆನ್ನಾಗಿ ಬಂತು. ಆಮೇಲೆ ಹುಡುಗರಿಗೆ ಲೆಟರ್‌ಹೆಡ್ಡಿಗೆ ಕಪ್ಪು-ಬಿಳುಪಿನದೂ ಬೇಕಾಯಿತು. ಮತ್ತೆ ಒಂದು ಸಂಜೆಯೆಲ್ಲಾ ಕೂತು, ಅಳಿಸಿದ್ದ ಚುಕ್ಕಿಗಳನ್ನು ಒಂದೊಂದಾಗಿ ಇಟ್ಟೆ.