ಒಂದೇ ‘ಸೆಟ್’ ಪದಕ್ಕೆ ವಾರಗಟ್ಟಲೆ ಪಾಠ: ನನ್ನ ಅನುಭವ

ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವರಿಗೆ ‘ಸೆಟ್’ ಎಂಥ ತಲೆನೋವು ಅಂತ ನಾನು ಹೇಳಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇನೆ. ಆ ಪದವನ್ನು ‘ಕೂರಿಸು’ ಎಂಬ ಒಂದೇ ಗೂಟಕ್ಕೆ ಕಟ್ಟಿ ಹೇಳಿಕೊಟ್ಟೆ, ಹುಡುಗರಿಗೆ ಹತ್ತಿತು. ಹತ್ತಲ್ಲ ಅಂದವರೇ ಜಾಸ್ತಿ. ಪಕ್ಕದ ಬೀದಿಯಲ್ಲಿ ಕ್ಲಾಸ್ ನಡೆಸುವ ಗೆಳೆಯರಂತೂ, “ಒಂದೇ ಪದಕ್ಕೆ ಇಷ್ಟು ದಿನಾನಾ ಮೇಷ್ಟ್ರೇ? ಫೀಸ್ ವಾಪಸ್ ಕೇಳ್ತಾರೆ, ನೋಡ್ತಿರಿ” ಅಂದಿದ್ದರು.

ಅವರು ಹೇಳಿದ್ದರಲ್ಲೂ ಅರ್ಥವಿತ್ತು. ಅದಕ್ಕೂ ಮೊದಲು ನಾನು ಕೈ ಸುಟ್ಟುಕೊಂಡಿದ್ದೆ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟು, 20 ಸಂಪುಟದ್ದು, ‘ಸೆಟ್’ ಕ್ರಿಯಾಪದಕ್ಕೆ ಸುಮಾರು 430 ಅರ್ಥ ಕೊಡುತ್ತದೆ. ಆ ವಿವರಣೆಯೇ ಅರವತ್ತು ಸಾವಿರ ಪದಗಳಷ್ಟಿದೆ. ಅಷ್ಟನ್ನು ಯಾರು ಓದ್ತಾರೆ? ನಲವತ್ತೋ ನಲವತ್ತೈದೋ ಅರ್ಥ ಆರಿಸಿ, ಒಂದೊಂದಕ್ಕೂ ಕನ್ನಡ ಅರ್ಥ ಬರೆದು, ಲ್ಯಾಮಿನೇಟ್ ಮಾಡಿದ ಕಾರ್ಡ್ ಮಾಡಿಸಿದೆ. ನಾಲ್ಕು ಸಾವಿರದ ಹತ್ತಿರ ಖರ್ಚಾಯಿತು. ಶನಿವಾರ ಪಟಪಟ ಹೇಳುತ್ತಿದ್ದ ಹುಡುಗರು ಸೋಮವಾರ ಬಾಯಿ ಬಿಡುತ್ತಿರಲಿಲ್ಲ. ಆಮೇಲೆ ಒಂದು ಮೊಬೈಲ್ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಎರಡೂವರೆ ಸಾವಿರ ಇರಬೇಕು. ಅದೂ ನೀರಲ್ಲಿ ಹೋಮ. ಆ ಬ್ಯಾಚ್‌ನ ಅರ್ಧ ಜನ ನಡುವೆಯೇ ಬಿಟ್ಟರು. ಬಾಡಿಗೆ ಕೈಯಿಂದ ಕಟ್ಟಿದೆ.

ಸರಿ ಹೋಗಿದ್ದು ಪದವನ್ನು ಮೊದಲು ಎರಡು ಗುಡ್ಡೆ ಮಾಡಿದ ಮೇಲೆ. ಸೆಟ್ ದೋಸೆ, ಟೀ ಸೆಟ್, ಬಳೆ ಸೆಟ್, ಗಣಿತದ ‘ಗಣ’ ಇವೆಲ್ಲ ಒಂದು ಗುಡ್ಡೆ. ಜೊತೆಯಾಗಿ ಬರುವ ಸಾಮಾನು, ಅಷ್ಟೇ. ಈ ‘ಸೆಟ್’ ಲ್ಯಾಟಿನ್‌ನಿಂದ ಫ್ರೆಂಚ್ ಮೂಲಕ ಬಂದದ್ದು, ಕ್ರಿಯಾಪದದ ಹುಟ್ಟು ಬೇರೆ. ಇದಕ್ಕೆ ಅರ್ಧ ಗಂಟೆ ಸಾಕು. ಕೆ-ಸೆಟ್ ಪರೀಕ್ಷೆಯನ್ನೂ ಯಾರಾದರೂ ಇಲ್ಲಿಗೆ ಸೇರಿಸುತ್ತಾರೆ. ಅದು ಮೊದಲಕ್ಷರಗಳ ಜೋಡಣೆ, ಪದವೇ ಅಲ್ಲ. ಎತ್ತಿ ಆಚೆ ಇಡಿ.

ಎರಡನೇ ಗುಡ್ಡೆಯೇ ಅಸಲಿ ಆಟ. ಇಂಗ್ಲಿಷಿನಲ್ಲಿ ‘ಸಿಟ್’ನಿಂದ ‘ಸೆಟ್’ ಆದದ್ದು ನಮ್ಮಲ್ಲಿ ‘ಕೂರು’ ‘ಕೂರಿಸು’ ಆದ ಹಾಗೆಯೇ. ಬೋರ್ಡ್ ಮೇಲೆ ಇಂಗ್ಲಿಷ್ ಬರೆಯುವುದನ್ನೇ ನಿಲ್ಲಿಸಿದೆ. “ಏನೇನು ಕೂರಿಸ್ತೀವಿ, ಹೇಳಿ” ಅಂದೆ. ಉಂಗುರಕ್ಕೆ ಕಲ್ಲು ಕೂರಿಸ್ತಾರೆ. ಮುರಿದ ಮೂಳೆ ಕೂರಿಸ್ತಾರೆ. ಕೋಳೀನ ಕಾವಿಗೆ ಕೂರಿಸ್ತಾರೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ನಡೆಯುತ್ತದೆ. ಕೋಳಿಯದು ಹೇಳಿದಾಗ ಕ್ಲಾಸ್ ಎದ್ದು ಕೂತಿತು.

ಸಂಜೆ ಬ್ಯಾಚ್‌ನಲ್ಲಿ ಹಗಲೆಲ್ಲ ಸೈಟ್‌ನಲ್ಲಿ ಕಂಬಿ ಕಟ್ಟಿ ಬರುವ ಹುಡುಗನೊಬ್ಬ ಇದ್ದ. “ಸಾರ್, ನಿನ್ನೆ ಸ್ಲ್ಯಾಬ್ ಹಾಕಿದ್ವಿ. ಸೆಟ್ಟಾಗೋವರೆಗೂ ಕಾಲಿಡ್ಬೇಡ ಅಂತ ಮೇಸ್ತ್ರಿ ಬೈದ್ರು. ಅದೂ ಕೂರೋದೇನಾ?” ಅಂದ. ನಾನು ಬಾಯಿ ತೆರೆಯುವ ಮೊದಲೇ ಸಿವಿಲ್ ಡಿಪ್ಲೊಮಾದವನು ಶುರು ಹಚ್ಚಿದ. ಲ್ಯಾಬ್‌ನಲ್ಲಿ ಸಿಮೆಂಟ್ ಕಲಸಿ ವಿಕಾಟ್ ಸೂಜಿ ಬಿಡ್ತಾರೆ, ಸೂಜಿ ಮೊದಲಿನ ಹಾಗೆ ಇಳೀದೆ ನಿಂತ್ರೆ ಸೆಟ್ ಆಗ್ತಿದೆ ಅಂತ. ಸಾಮಾನ್ಯ ಸಿಮೆಂಟ್ 30 ನಿಮಿಷಕ್ಕೆ ಮೊದಲು ಸೆಟ್ ಆಗೋಕೆ ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಆಗಿರಬೇಕು. “ಅಂದ್ರೆ ಕದಲ್ದೆ ಕೂತ್ಕೊಳ್ಳೋದು, ಅಲ್ವಾ ಸಾರ್?” ಟೊಮ್ಯಾಟೊ ಬೆಳೆಯುವವರ ಮನೆಯ ಹುಡುಗಿ ತನ್ನದೂ ಸೇರಿಸಿದಳು. ಹೂ ಉದುರಿದರೆ ಸೆಟ್ ಆಗಿಲ್ಲ, ಕಾಯಿ ಕಚ್ಚಿದರೆ ಸೆಟ್ ಆಯ್ತು. ಆ ಸಂಜೆ ನಾನು ಮಾಡಿದ್ದು ಸುಮ್ನೆ ನಿಂತು ಕೇಳಿದ್ದು. ಅಲಾರಂ, ಪ್ರಶ್ನೆಪತ್ರಿಕೆ, ದಿನಾಂಕ, ಬೆಲೆ, ಗುರಿ ಎಲ್ಲವನ್ನೂ ಆಮೇಲೆ ಅವರೇ ‘ಕೂರಿಸುತ್ತಾ’ ಹೋದರು.

ಗೂಟ ಎಲ್ಲಕ್ಕೂ ಸಾಲುವುದಿಲ್ಲ. ಸೂರ್ಯ ‘ಸೆಟ್’ ಆಗುವುದನ್ನು ಕೆಳಗೆ ಕೂರುತ್ತಾನೆ ಅಂತ ಹೇಗೋ ಒಪ್ಪಿಸಬಹುದು. ಮುಂಗಾರು ಕೇರಳಕ್ಕೆ ‘ಸೆಟ್ ಇನ್’ ಆಯಿತು ಅಂತ ಜೂನ್ ಸುತ್ತಮುತ್ತ ಪೇಪರ್‌ನಲ್ಲಿ ಬರುತ್ತದಲ್ಲ, ಅದಕ್ಕೆ ‘ಮಳೆ ಹಿಡಿಯಿತು’ ಅಂದರೇ ಚೆಂದ. ಪ್ರಯಾಣ ಹೊರಡುವ ‘ಸೆಟ್ ಆಫ್’, ‘ಸೆಟ್ ಔಟ್’ಗಳಿಗೆ ನಾನು ಬೇರೆ ದಾರಿ ಇಟ್ಟುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು ನೋಡಿ.

ಲೆಕ್ಕ ಹೇಳಿಬಿಡುತ್ತೇನೆ. ಈ ಸಲ ಖರ್ಚಾದದ್ದು ಮಾರ್ಕರ್ ಪೆನ್ನಿಗೆ ಮಾತ್ರ. ತಲಾ 1,200 ರೂಪಾಯಿ ಫೀಸ್. ಹನ್ನೆರಡರ ಆಸುಪಾಸು ಇದ್ದ ಬ್ಯಾಚ್ ಈಗ ಮೂವತ್ತರ ಹತ್ತಿರ ಇದೆ, ಕುರ್ಚಿ ಬಾಡಿಗೆಗೆ ತಂದಿದ್ದೇನೆ. ಫೀಸ್ ವಾಪಸ್ ಯಾರೂ ಕೇಳಲಿಲ್ಲ. ಆ ಗೆಳೆಯರೇ ತಮ್ಮ ಮಗನನ್ನು ಕಳಿಸಿದ್ದಾರೆ.

ಇದೇ ಗುಂಗಿನಲ್ಲಿ ‘ರನ್’ಗೂ ಕೈ ಹಾಕಿದೆ. ಆಕ್ಸ್‌ಫರ್ಡ್‌ನವರ ಈಚಿನ ಎಣಿಕೆಯಲ್ಲಿ ಅದರ ಕ್ರಿಯಾಪದಕ್ಕೆ 645 ಅರ್ಥ, ‘ಸೆಟ್’ ಹಿಂದೆ ಬಿದ್ದಿದೆ. ‘ಓಡು’ ಅರ್ಧ ದಾರಿ ಬರುತ್ತದೆ. ಗಾಡಿ ಓಡುತ್ತೆ, ಸಿನಿಮಾ ನೂರು ದಿನ ಓಡುತ್ತೆ. ಆದರೆ ಹೊಳೆ ಹರಿಯುತ್ತೆ, ಮೂಗು ಸೋರುತ್ತೆ. ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ಬ್ರಿಟಿಷರು ನಮ್ಮ ಹಾಗೆ ನಿಲ್ಲುತ್ತಾರೆ. ಹುಡುಗರು ನಕ್ಕರು, ಕಲಿತದ್ದು ಕಡಿಮೆ. ‘ಗೆಟ್’ಗೆ ಗೂಟವೇ ಸಿಗಲಿಲ್ಲ, ಕೈಬಿಟ್ಟೆ. ಈಗ ‘ಟೇಕ್’ ಅನ್ನು ‘ಹಿಡಿ’ಗೆ ಕಟ್ಟಿ ನೋಡುತ್ತಿದ್ದೇನೆ. ಬಸ್ ಹಿಡಿ, ಫೋಟೋ ಹಿಡಿ, ಟೈಮ್ ಹಿಡಿಯುತ್ತೆ, ಇಲ್ಲಿಯವರೆಗೆ ಸಲೀಸು. ಮಾತ್ರೆ, ರಜೆ ಬಂದಾಗ ‘ತಗೋ’ ಬೇಕಾಗುತ್ತದೆ. ಎರಡು ಗೂಟ ಹಾಕಬೇಕೋ ಏನೋ, ಮುಂದಿನ ಬ್ಯಾಚ್‌ನಲ್ಲಿ ನೋಡಬೇಕು.